ಸೇತುವೆ ಬೇಕು ಸರಿ, ಹೊಳೆಗೆ ಮಣ್ಣು ಯಾಕೆ?

ಓದುಗರ ಪತ್ರದ ಸಾರ: ಉಡುಪಿ ಹತ್ತಿರದ ಒಂದು ಕುದ್ರುವಿನಿಂದ (ಹೊಳೆ ನಡುವಿನ ನಡುಗಡ್ಡೆ) ಓದುಗರೊಬ್ಬರು ಬರೆದಿದ್ದಾರೆ. ತಮ್ಮ ಹೆಸರೂ ಬೇಡ, ಹೊಳೆಯ ಹೆಸರೂ ಬೇಡ ಎಂದಿದ್ದಾರೆ. ಹೆದ್ದಾರಿಯ ಹಳೆ ಸೇತುವೆ ಶಿಥಿಲವಾಗಿದೆ, ಪಕ್ಕದಲ್ಲೇ ಹೊಸತು ಏಳುತ್ತಿದೆ. ಕಂಬದ ಬುಡಕ್ಕೆ ಆಳದ ಗುಂಡಿ ತೋಡುವ ಪೈಲಿಂಗ್ ಯಂತ್ರ ಇಳಿಸಲು ಗುತ್ತಿಗೆದಾರರು ಹೊಳೆಯ ಅರ್ಧದಷ್ಟು ಕೆಂಪು ಮಣ್ಣು ಸುರಿದು ಬಂಡ್ ಹಾಕಿದ್ದಾರೆ. ಕುದ್ರುವಿನ ದಂಡೆ ಕುಸಿದು ತೆಂಗಿನ ಮರಗಳು ನೀರಿಗೆ ಬಾಗಿವೆ. ಮರುವಾಯಿ (ಹೊಳೆಯ ತಳದಲ್ಲಿ ಸಿಗುವ ಚಿಪ್ಪುಜೀವಿ) ಸಿಗುತ್ತಿಲ್ಲ. ನೀರಿನಲ್ಲಿ ಬೂದು ಬಣ್ಣದ ಲೋಳೆ ಕಾಣುತ್ತಿದೆ. ಕೇಳಲು ಹೋದರೆ ಸೈಟ್ ಎಂಜಿನಿಯರ್, "ಹಳೆ ಸೇತುವೆ ಬದಲು ಹೊಸ ಸೇತುವೆ ಅಮ್ಮ, ಇದಕ್ಕೆಲ್ಲ ಪರಿಸರದವರ ಪರ್ಮಿಶನ್ ಬೇಡ" ಎಂದರಂತೆ. ಊರಿನವರು ಬೇರೆ, "ನಿನ್ನಿಂದ ಕೆಲಸ ನಿಂತರೆ ನೋಡು" ಎನ್ನುತ್ತಾರಂತೆ. ದೂರು ಕೊಡಬೇಕೇ, ಯಾರಿಗೆ, ಕೊಟ್ಟರೆ ಸೇತುವೆ ನಿಲ್ಲುತ್ತದೆಯೇ ಎಂಬುದು ಅವರ ಪ್ರಶ್ನೆ.

ಅಕ್ಕ, ನಮಸ್ಕಾರ.

ಮೊದಲು ಊರಿನವರ ಮಾತು ನೋಡೋಣ. ಅವರ ಹೆದರಿಕೆ ಸುಳ್ಳಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು, ಚಾಲಕ ಬದುಕಿದ್ದೇ ಪುಣ್ಯ. ಅದೂ ನಮ್ಮ ಇದೇ 66ರ ಹೆದ್ದಾರಿ. ಅದಕ್ಕೂ ಮುಂಚೆ, 2018ರ ಜೂನ್‌ನಲ್ಲಿ, ಫಲ್ಗುಣಿಯ ಮೇಲಿನ ಮೂಲರಪಟ್ನ ಸೇತುವೆ ಕುಸಿದು ಆ ಕಡೆ ಈ ಕಡೆಯ ಜನ ಸುತ್ತು ಹಾಕಿ ಸುಸ್ತಾದರು. ಹಾಗಾಗಿ ಹಳೆ ಸೇತುವೆ ಬದಲಿಸಬೇಡಿ ಅಂತ ಹೇಳುವವರು ಯಾರೂ ಇಲ್ಲ, ನಿಮ್ಮ ಪತ್ರದಲ್ಲೂ ಆ ಮಾತಿಲ್ಲ. ನೀವು ಕೇಳುತ್ತಿರುವುದು ಮಣ್ಣಿನ ಬಗ್ಗೆ. ಈ ಎರಡನ್ನೂ ಒಂದೇ ಮಾಡಿ ನಿಮ್ಮ ಬಾಯಿ ಮುಚ್ಚಿಸುವುದು ಸುಲಭ, ಅದಕ್ಕೇ ಹಾಗೆ ಮಾಡುತ್ತಾರೆ.

ಇನ್ನು ಎಂಜಿನಿಯರ್ ಹೇಳಿದ್ದು. ಅರ್ಧ ಸರಿ. ಪರಿಸರ ಪರಿಣಾಮದ 2006ರ ಅಧಿಸೂಚನೆ ಇದೆಯಲ್ಲ, ಅದರಲ್ಲಿ ಹೆದ್ದಾರಿ ಅಗಲ ಮಾಡುವ ಕೆಲಸಕ್ಕೆ ಪರಿಸರ ಅನುಮತಿ ಬೇಕಾಗಲು ಮೊದಲು 30 ಕಿಲೋಮೀಟರ್ ಉದ್ದದ ಮಿತಿ ಇತ್ತು. 2013ರಲ್ಲಿ ಅದನ್ನು 100 ಕಿಲೋಮೀಟರಿಗೆ ಏರಿಸಿದರು, ಜೊತೆಗೆ ಹಾಲಿ ರಸ್ತೆಯಲ್ಲಿ 40 ಮೀಟರಿಗಿಂತ ಜಾಸ್ತಿ ಹೊಸ ಜಾಗ ಬೇಕಾದರೆ ಮಾತ್ರ ಎಂದರು. ಒಂದು ಸೇತುವೆ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಜನರನ್ನು ಕರೆದು ಅಹವಾಲು ಕೇಳುವ ಸಭೆಯೂ ಇಲ್ಲ. ಆದರೆ ನಿಮ್ಮ ಹೊಳೆ ಭರತ ಇಳಿತ ಇರುವ ಹೊಳೆ. ಅಲ್ಲಿಗೆ ಇನ್ನೊಂದು ಕಾನೂನು ಬರುತ್ತದೆ, ನಾವೆಲ್ಲ ಸಿಆರ್‌ಝಡ್ ಎನ್ನುವ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ. ಸಿಆರ್‌ಝಡ್ ಎಂದರೆ ಬೀಚ್ ಬದಿಯ ರೆಸಾರ್ಟಿನವರ ತಲೆನೋವು ಅಂತ ನಮ್ಮಲ್ಲಿ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಬೇಸಗೆಯ ಕಡು ಒಣ ದಿನಗಳಲ್ಲಿ ಹೊಳೆ ನೀರಿನ ಉಪ್ಪು ಅಳೆಯುತ್ತಾರೆ. ಲೀಟರಿಗೆ ಸುಮಾರು 5 ಗ್ರಾಂ ಉಪ್ಪು ಎಲ್ಲಿಯವರೆಗೆ ಸಿಗುತ್ತದೋ ಅಲ್ಲಿಯವರೆಗೂ ಈ ಕಾನೂನು ಹೊಳೆಯ ಬೆನ್ನು ಹತ್ತಿ ಒಳನಾಡಿಗೆ ಬರುತ್ತದೆ. ದಂಡೆಯಲ್ಲಿ 2011ರ ನಿಯಮದಂತೆ 100 ಮೀಟರ್ ಇದ್ದದ್ದು 2019ರಲ್ಲಿ 50 ಮೀಟರಿಗೆ ಇಳಿದಿದೆ, ಹೊಳೆಯ ಅಗಲ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟೇ. ಆದರೆ ಈ ದಂಡೆಯಿಂದ ಆ ದಂಡೆವರೆಗಿನ ನೀರು, ತಳ ಎಲ್ಲ ಒಳಗೇ ಉಳಿದಿದೆ. ಅದರಲ್ಲಿ ಕಂಬ ನೆಡಬೇಕಾದರೆ ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ ಕಡತ ನೋಡಬೇಕು, ಎಷ್ಟೋ ಸಲ ಅದು ದೆಹಲಿಯ ಸಚಿವಾಲಯದವರೆಗೂ ಹೋಗುತ್ತದೆ.

ಬೇರೆ ಕಾಗದಗಳೂ ಇರುತ್ತವೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಡಿದರೆ ಕಡಿದ ಜಾಗದ ಮೂರು ಪಟ್ಟು ಬೇರೆ ಕಡೆ ನೆಡಬೇಕು. ನೇತ್ರಾವತಿ, ಗುರುಪುರ ಹೊಳೆಗಳಂಥವು 2016ರ ಕಾಯ್ದೆ ಹೆಸರಿಸಿದ 111 ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿಯಲ್ಲಿವೆ, ಅಂಥ ಕಡೆ ಸೇತುವೆಯ ಅಡಿ ದೋಣಿಗೆ ಎಷ್ಟು ಎತ್ತರ ಬಿಡಬೇಕು ಎಂದು ಜಲಮಾರ್ಗದವರನ್ನೂ ಕೇಳಬೇಕು. ದಂಡೆಯಲ್ಲಿ ರೆಡಿಮಿಕ್ಸ್ ಘಟಕ ಹಾಕಿದ್ದರೆ ಅದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇರೆ. ನಿಮ್ಮ ಮಟ್ಟಿಗೆ ಇವೆಲ್ಲ ಪಕ್ಕದ ವಿಷಯ.

ಈಗ ಬಂಡ್. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಹೊಳೆ ಹಾಳಾಗುವುದು ಸೇತುವೆಯಿಂದ ಕಡಿಮೆ, ಸೇತುವೆ ಕಟ್ಟಲು ಮಾಡುವ ಇಂಥ ನಾಲ್ಕು ದಿನದ ಏರ್ಪಾಡಿನಿಂದಲೇ ಜಾಸ್ತಿ. ಹೊಸ ಕಂಬಗಳು ಹೊಳೆಯಲ್ಲಿ ಹಿಡಿಯುವ ಜಾಗ ಸಣ್ಣದು. ಆದರೆ ಆ ಕಂಬದ ಬುಡಕ್ಕೆ ಭಾರದ ಯಂತ್ರ ಹೋಗಬೇಕಲ್ಲ. ಕಬ್ಬಿಣದ ತಾತ್ಕಾಲಿಕ ಸೇತುವೆ ಹಾಕಬಹುದು, ಬಾರ್ಜ್ ಮೇಲೆ ಯಂತ್ರ ಇಟ್ಟು ತೇಲಿಸಿಕೊಂಡು ಹೋಗಬಹುದು. ಎರಡಕ್ಕೂ ದುಡ್ಡು ಬೇಕು. ಗುಡ್ಡ ಕಡಿದ ಕೆಂಪು ಮಣ್ಣು ಅಗ್ಗ. ಅಡಿಯಲ್ಲಿ ನಾಲ್ಕು ಹ್ಯೂಮ್ ಪೈಪ್ ಇಟ್ಟು, ನೀರು ಹೋಗಲು ದಾರಿ ಬಿಟ್ಟಿದ್ದೇವೆ ಎಂದು ತೋರಿಸಿ, ಮೇಲೆ ಟಿಪ್ಪರ್ ಟಿಪ್ಪರ್ ಮಣ್ಣು ಸುರಿಯುತ್ತಾರೆ. ಆ ಪೈಪಿನ ಬಾಯಿಗೆ ತೆಂಗಿನ ಗರಿ, ಪ್ಲಾಸ್ಟಿಕ್ ಚೀಲ, ಹರಿದ ಬಲೆ ಬಂದು ಕೂತರೆ ಮುಗಿಯಿತು.

ಹೊಳೆಯ ಅಗಲ ಅರ್ಧವಾದರೂ ಭರತ ಇಳಿತ ಅರ್ಧವಾಗುವುದಿಲ್ಲ. ಹೆಚ್ಚುಕಡಿಮೆ ಅಷ್ಟೇ ನೀರು, ಅಷ್ಟೇ ಹೊತ್ತಿನಲ್ಲಿ, ಉಳಿದ ಸಂದಿಯಿಂದ ಹೋಗಿ ಬರಬೇಕು. ಅಂದರೆ ಅಲ್ಲಿ ಸೆಳೆತ ಸುಮಾರು ಎರಡು ಪಟ್ಟು. ಆ ಸೆಳೆತ ಎದುರಿನ ದಂಡೆಯ ಬುಡದ ಹೊಯ್ಗೆ (ಮರಳು) ಎಳೆದುಕೊಂಡು ಹೋಗುತ್ತದೆ. ಮೇಲೆ ನೋಡಿದರೆ ಏನೂ ಆಗಿರುವುದಿಲ್ಲ, ಒಂದು ದಿನ ತೆಂಗಿನ ಮರ ವಾಲಿದಾಗಲೇ ಗೊತ್ತಾಗುವುದು. ನಿಮ್ಮ ಕುದ್ರುವಿನ ದಂಡೆ ಜರಿದದ್ದು ಬಂಡ್ ಹಾಕಿದ ಮೇಲೆ, ಅದೂ ಬಂಡಿನ ತುದಿಗೆ ನೇರ ಎದುರಿಗೆ ಎಂದು ನೀವೇ ಬರೆದಿದ್ದೀರಿ. ಆ ಸಾಲಿಗೆ ನಾವು ಅಡಿಗೆರೆ ಹಾಕಿದ್ದೇವೆ.

ಮರುವಾಯಿ ಕಥೆಗೂ ಇದೇ ಮಣ್ಣು ಕಾರಣ ಇರಬಹುದು. ಈ ಕೆಂಪು ಮುರಕಲ್ಲಿನ ಮಣ್ಣಿನಲ್ಲಿ ಜೇಡಿ ಜಾಸ್ತಿ. ಸಿಹಿನೀರಿನಲ್ಲಿ ಅದರ ನುಣ್ಣನೆಯ ಕಣಗಳು ಬೇಗ ತಳ ಸೇರುವುದಿಲ್ಲ, ತೇಲುತ್ತಾ ಹೋಗುತ್ತವೆ. ಉಪ್ಪುನೀರು ಸೇರಿದ ಕೂಡಲೇ ಒಂದಕ್ಕೊಂದು ಅಂಟಿ ಮುದ್ದೆಯಾಗಿ ಕೆಳಗೆ ಕೂರುತ್ತವೆ. ಎಲ್ಲಿ ಕೂರುತ್ತವೆ? ಸಿಹಿ ಉಪ್ಪು ಎರಡೂ ಬೆರೆಯುವ ಅಳಿವೆಯಲ್ಲಿ, ಅಂದರೆ ಮರುವಾಯಿ ಇರುವಲ್ಲೇ. ಮರುವಾಯಿಗೆ ಹೊಯ್ಗೆ ಬೆರೆತ ತಳ ಬೇಕು, ಅದು ನೀರನ್ನು ಒಳಗೆಳೆದು ಸೋಸಿ ತಿನ್ನುವ ಜೀವ. ನೀರೆಲ್ಲ ಕೆಸರಾದರೆ ಚಿಪ್ಪು ಮುಚ್ಚಿ ಕೂರುತ್ತದೆ. ಎಷ್ಟು ದಿನ ಅಂತ ಕೂತೀತು? ಮೀನಿಗಾದರೆ ಈಜಿ ಬೇರೆ ಕಡೆ ಹೋಗಲು ಬರುತ್ತದೆ, ಇದಕ್ಕೆ ಆ ಭಾಗ್ಯವೂ ಇಲ್ಲ.

ನೀವು ಬರೆದ "ಬೂದು ಬಣ್ಣದ ಲೋಳೆ" ಬಹುಶಃ ಬೆಂಟೊನೈಟ್. ಪೈಲಿಗೆ ತೋಡಿದ ಗುಂಡಿಯ ಗೋಡೆ ಜರಿಯಬಾರದು ಎಂದು ಈ ಜೇಡಿಪುಡಿಯನ್ನು ನೀರಿಗೆ ಕದಡಿ ತುಂಬುತ್ತಾರೆ, ನೀರು ಮಾಡಿದ ನೀರುದೋಸೆ ಹಿಟ್ಟಿನ ಹದ ಅದರದ್ದು. ಆಮೇಲೆ ಅಡಿಯಿಂದ ಕಾಂಕ್ರೀಟ್ ಇಳಿಸಿದಾಗ ಇದು ಮೇಲೆ ಉಕ್ಕಿ ಬರುತ್ತದೆ. 1.2 ಮೀಟರ್ ಅಗಲ, 30 ಮೀಟರ್ ಆಳದ ಒಂದು ಪೈಲ್ ಎಂದಿಟ್ಟುಕೊಳ್ಳಿ, ಸುಮಾರು 34,000 ಲೀಟರ್. ಒಂದೇ ಪೈಲಿಗೆ! ಸರಿಯಾದ ಕ್ರಮ ಏನೆಂದರೆ ಅದನ್ನು ಟ್ಯಾಂಕಿಗೆ ಹಿಡಿದು, ಮರಳು ಬೇರೆ ಮಾಡಿ, ಮುಂದಿನ ಗುಂಡಿಗೆ ಬಳಸುವುದು, ಕೊನೆಗೆ ಉಳಿದದ್ದನ್ನು ಲಾರಿಯಲ್ಲಿ ಹೊರಗೆ ಸಾಗಿಸುವುದು. ರಾತ್ರಿ ಇಳಿತದ ಹೊತ್ತಿಗೆ ಹೊಳೆಗೆ ಬಿಟ್ಟರೆ ಇಷ್ಟೆಲ್ಲ ರಗಳೆ ಇಲ್ಲ, ಬೆಳಗಾಗುವಾಗ ನೀರು ಹೊತ್ತುಕೊಂಡು ಹೋಗಿರುತ್ತದೆ. ಯಾರು ಹಾಗೆ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಸೈಟಿನಲ್ಲಿ ಈ ಲೋಳೆ, ಅಂದರೆ ಸ್ಲರಿ, ಹಿಡಿಯುವ ಟ್ಯಾಂಕ್ ಎಲ್ಲಿದೆ ಅಂತ ಒಂದು ಸಲ ನೋಡಿ ಬನ್ನಿ, ಅಷ್ಟು ಸಾಕು. ಮಿಕ್ಸರ್ ಲಾರಿಯ ಡ್ರಮ್ ಎಲ್ಲಿ ತೊಳೆಯುತ್ತಾರೆ ಅಂತಲೂ ನೋಡಿ, ಸಿಮೆಂಟ್ ತೊಳೆದ ನೀರು ಸುಣ್ಣದಷ್ಟೇ ಖಾರ, ಮೀನಿನ ಕಿವಿರು ಸುಡುತ್ತದೆ.

ಹಾಗಾದರೆ ಬಂಡ್ ಹಾಕಿದ್ದೇ ಕಾನೂನುಬಾಹಿರವೇ? ಅಲ್ಲ ಅಕ್ಕ, ಇಲ್ಲಿ ಸ್ವಲ್ಪ ಜಾಗ್ರತೆ ಬೇಕು. 2019ರ ಸಿಆರ್‌ಝಡ್ ಅಧಿಸೂಚನೆ ನೀರಿನ ಸಹಜ ಹರಿವು ತಡೆಯಬಾರದು ಎನ್ನುತ್ತದೆ, ಆದರೆ ಬಂದರು, ಜೆಟ್ಟಿ, ಸೇತುವೆಯಂಥ ಕೆಲಸಕ್ಕೆ ಬಂಡ್ ಹಾಕಲು ವಿನಾಯಿತಿಯನ್ನೂ ಕೊಡುತ್ತದೆ. 1974ರ ಜಲ ಕಾಯ್ದೆಯ 24ನೇ ಸೆಕ್ಷನ್ ಕೂಡ ಹೀಗೇ: ಹೊಳೆಗೆ ವಿಷವಸ್ತು ಬಿಡಬಾರದು, ಕೊಳೆ ಹೆಚ್ಚುವ ಹಾಗೆ ಹರಿವಿಗೆ ಅಡ್ಡಿ ಮಾಡಬಾರದು ಎಂದು ಹೇಳಿ, ಸೇತುವೆ ಕಟ್ಟಿದ ಮಾತ್ರಕ್ಕೆ ಅದು ಅಪರಾಧವಲ್ಲ ಎಂದು ಮುಂದಿನ ಉಪವಿಧಿಯಲ್ಲಿ ಬಾಗಿಲು ತೆರೆದಿಟ್ಟಿದೆ. ಸೇತುವೆ ಕಟ್ಟಿದ ಮಾತ್ರಕ್ಕೆ, ಗಮನಿಸಿ. ಸ್ಲರಿ ಬಿಟ್ಟದ್ದಕ್ಕೆ ಆ ರಕ್ಷಣೆ ಸಿಗಬಾರದು ಎಂಬುದು ನನ್ನ ಓದು. ಆದ್ದರಿಂದ "ಬಂಡ್ ಅಕ್ರಮ" ಅಂತ ಅರ್ಜಿ ಬರೆದರೆ ಒಂದೇ ಸಾಲಿನಲ್ಲಿ ಉತ್ತರ ಬಂದು ಕಡತ ಮುಚ್ಚುತ್ತದೆ. ಅನುಮತಿ ಪತ್ರ ಬಂಡಿನ ಬಗ್ಗೆ ಏನು ಹೇಳಿದೆ ಅಂತ ಕೇಳಬೇಕು. ಇಂಥ ಪತ್ರಗಳಲ್ಲಿ ಷರತ್ತುಗಳು ಇದ್ದೇ ಇರುತ್ತವೆ: ಭರತ ಇಳಿತಕ್ಕೆ ಅಡ್ಡಿ ಆಗಬಾರದು, ಅವಶೇಷ ನೀರಿಗೆ ಬೀಳಬಾರದು, ಕೆಲಸ ಮುಗಿದ ಮೇಲೆ ಜಾಗ ಮೊದಲಿನಂತೆ ಮಾಡಿಕೊಡಬೇಕು ಎಂಬಂಥವು. ಷರತ್ತು ಬರೆದವರು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಇರುತ್ತಾರೆ, ಮುರಿಯುವುದನ್ನು ದಿನಾ ನೋಡುವವರು ನೀವು.

ಆ ಪತ್ರ ಸಿಗುವುದು ಕಷ್ಟವಲ್ಲ. ಕೇಂದ್ರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಹುಡುಕಿಸಿ, ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರಿಗೆ ಹೇಳಿ. ಸಿಗದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ, 30 ದಿನದಲ್ಲಿ ಉತ್ತರ ಕೊಡಬೇಕು. ಇನ್ನೊಂದು ಕಾಗದ ಇದಕ್ಕಿಂತ ಉಪಯೋಗದ್ದು. ಅನುಮತಿ ಪಡೆದವರು ಷರತ್ತು ಹೇಗೆ ಪಾಲಿಸಿದೆವು ಎಂದು ಆರು ತಿಂಗಳಿಗೊಮ್ಮೆ, ಜೂನ್ 1ಕ್ಕೆ ಮತ್ತು ಡಿಸೆಂಬರ್ 31ಕ್ಕೆ, ವರದಿ ಕೊಡಬೇಕು. ಅರ್ಜಿ ಹಾಕಿದ ಯಾರಿಗೇ ಆದರೂ ಅದರ ಪ್ರತಿ ಕೊಡಬೇಕು ಎಂದು ಅಧಿಸೂಚನೆಯಲ್ಲೇ ಇದೆ. ಡಿಸೆಂಬರಿನ ವರದಿ ತರಿಸಿ ಓದಿ. "ಹರಿವಿಗೆ ಅಡ್ಡಿ ಇಲ್ಲ" ಅಂತ ಅದರಲ್ಲಿ ಬರೆದಿದ್ದರೆ ನಿಮ್ಮ ಫೋಟೋವನ್ನು ಅದರ ಪಕ್ಕ ಇಡಿ. ಅನುಮತಿ ಪತ್ರವೇ ಇಲ್ಲ ಅಂತ ಉತ್ತರ ಬಂದರೆ ಆಗ ಮಾತೇ ಬೇರೆ, ದೊಡ್ಡದು.

ದೂರು ಯಾರಿಗೆ ಅಂದರೆ ಜಿಲ್ಲಾಧಿಕಾರಿಗೆ. ಸಿಆರ್‌ಝಡ್‌ಗೆ ಅವರ ಅಧ್ಯಕ್ಷತೆಯಲ್ಲೇ ಜಿಲ್ಲಾ ಸಮಿತಿ ಇರುತ್ತದೆ. ಅದರಲ್ಲಿ ಮೀನುಗಾರರೂ ಸೇರಿ ಕರಾವಳಿಯ ಸ್ಥಳೀಯ ಸಮುದಾಯದ ಕನಿಷ್ಠ ಮೂವರು ಇರಬೇಕು. ಆ ಮೂವರು ಯಾರು ಅಂತ ಕೇಳಿ ತಿಳಿದುಕೊಂಡು ಅವರನ್ನು ಬಂಡಿನ ಮೇಲೆ ಕರೆತನ್ನಿ. ಚೆನ್ನೈಯ ಹಸಿರು ನ್ಯಾಯಮಂಡಳಿ ಪೀಠ ಕೊನೆಗೆ ಇದ್ದೇ ಇದೆ, ಹಾನಿಗೆ ಪರಿಹಾರ ಕೇಳಲೂ ಅಲ್ಲಿ ಅವಕಾಶ ಉಂಟು. ಆದರೆ ಅದು ವಕೀಲರು, ಓಡಾಟ ಅಂತ ಉದ್ದ ಆಗುವ ದಾರಿ. ನಿಮಗೆ ಈಗ ಇರುವುದು ಮಳೆಗಾಲದವರೆಗಿನ ಸಮಯ.

ಯಾಕೆ ಹೇಳಿದೆ ಎಂದರೆ, ಬಂಡ್ ಈಗ ಮಾಡುತ್ತಿರುವುದಕ್ಕಿಂತ ಮೊದಲ ನೆರೆಗೆ ಮಾಡುವ ಹಾನಿ ದೊಡ್ಡದು. ಅರ್ಧ ಮುಚ್ಚಿದ ಹೊಳೆಗೆ ಘಟ್ಟದ ನೀರು ಬಂದರೆ ಒಂದೋ ಅದು ಮೇಲಿನ ಬೈಲುಗಳಿಗೆ ನುಗ್ಗುತ್ತದೆ, ಇಲ್ಲ ಬಂಡನ್ನೇ ಒಡೆದುಕೊಂಡು ಅಷ್ಟೂ ಮಣ್ಣನ್ನು ಒಂದೇ ರಾತ್ರಿಯಲ್ಲಿ ಅಳಿವೆಗೆ ತಂದು ಹಾಕುತ್ತದೆ. ಕಿಂಡಿ ಅಣೆಕಟ್ಟಿನ ಹಲಗೆಯನ್ನು ಮಳೆಗೆ ಮುಂಚೆ ತೆಗೆಯಬೇಕು ಅಂತ ನಮ್ಮ ಕೃಷಿಕರಿಗೆ ಯಾರೂ ನೋಟಿಸ್ ಕೊಡಬೇಕಾಗಿಲ್ಲ. ಗುತ್ತಿಗೆದಾರರಿಗೆ ಕೊಡಬೇಕಾಗುತ್ತದೆ. ತೆಗೆದರೂ ಮೇಲಿನ ಮಣ್ಣು ಬಾಚಿ, ನೀರಿನ ಅಡಿಯದ್ದನ್ನು ಮಳೆಗೆ ಬಿಟ್ಟು ಹೋಗುವುದೇ ಜಾಸ್ತಿ. ಹಾಗಾಗಿ ಬಂಡ್ ತೆಗೆಯಿರಿ ಅಂದರೆ ಸಾಲದು, ಹೊಳೆಯ ತಳದ ಮಟ್ಟ ಮೊದಲು ಎಷ್ಟಿತ್ತು, ತೆಗೆದ ಮೇಲೆ ಎಷ್ಟಾಯಿತು ಎಂದು ಅಳೆದ ನಕ್ಷೆ ಕೊಡಿ ಅಂತ ಕೇಳಬೇಕು. ಸೇತುವೆ ವಿನ್ಯಾಸ ಮಾಡುವಾಗ ತಳ ಅಳೆದೇ ಅಳೆದಿರುತ್ತಾರೆ, ಇಲ್ಲ ಅನ್ನಲು ಬರುವುದಿಲ್ಲ.

ಇದರಿಂದ ಸೇತುವೆ ನಿಲ್ಲುತ್ತದೆಯೇ? ನನಗೆ ಹಾಗನ್ನಿಸುವುದಿಲ್ಲ. ಜೋರು ಮಳೆಗೆ ಹೊಳೆಯೊಳಗಿನ ಕೆಲಸ ಹೇಗೂ ನಿಲ್ಲುತ್ತದೆ. ನೀವು ಕೇಳುತ್ತಿರುವುದು ನಿಲ್ಲಿಸುವಾಗ ಮಣ್ಣು ತೆಗೆದುಕೊಂಡು ಹೋಗಿ ಎಂದಷ್ಟೇ.

ಹಳೆ ಸೇತುವೆ ಕೆಡವುವ ಸರದಿ ಮುಂದಿನ ವರ್ಷ ಬರಬಹುದು, ಅದನ್ನೂ ಇದೇ ಅರ್ಜಿಯಲ್ಲಿ ಸೇರಿಸಿ. ಬ್ರೇಕರ್ ಹಚ್ಚಿ ಒಡೆದು ಕೆಳಗೆ ಬೀಳಿಸುವುದು ಒಂದು ರೀತಿ, ವೈರ್ ಗರಗಸದಲ್ಲಿ ತುಂಡು ತುಂಡಾಗಿ ಕೊಯ್ದು ಕ್ರೇನಿನಲ್ಲಿ ಎತ್ತುವುದು ಇನ್ನೊಂದು. ಯಾವುದು ಅಂತ ಈಗಲೇ ಬರವಣಿಗೆಯಲ್ಲಿ ಕೇಳಿ, ಹಳೆ ಕಂಬಗಳನ್ನು ತಳದ ಮಟ್ಟಕ್ಕೆ ಕಡಿಯುತ್ತಾರೋ ನೀರಿನಡಿ ಮೋಟು ಬಿಡುತ್ತಾರೋ ಅದನ್ನೂ. ರಾತ್ರಿ ದೋಣಿಯಲ್ಲಿ ಹೋಗುವವರಿಗೆ ಆ ಮೋಟಿನ ವಿಷಯ ನಾನು ಹೇಳಬೇಕಾಗಿಲ್ಲ.

ಅರ್ಜಿ ಕನ್ನಡದಲ್ಲೇ ಇರಲಿ, ಒಂದು ಪುಟ ಸಾಕು. ಬಂಡಿನ ಫೋಟೋ ಇಳಿತದ ಹೊತ್ತಿಗೆ ತೆಗೆಯಿರಿ, ಆಗ ಪೈಪ್ ಕಾಣುತ್ತದೆ. ಕುದ್ರುವಿನ ದಂಡೆಯದ್ದು ಒಂದೇ ಜಾಗದಲ್ಲಿ ನಿಂತು ವಾರಕ್ಕೊಂದು. ಒಬ್ಬರೇ ಸಹಿ ಹಾಕಬೇಡಿ, ಮರುವಾಯಿ ಹೆಕ್ಕುವ ಹೆಂಗಸರೆಲ್ಲ ಹಾಕಲಿ. ಕಚೇರಿಯಲ್ಲಿ ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಬಂದ ಉತ್ತರದ ಜೆರಾಕ್ಸ್ ನಮಗೂ ಕಳಿಸಿ, ಏನೇ ಇದ್ದರೂ ಪೂರ್ತಿ ಅಚ್ಚು ಹಾಕುತ್ತೇವೆ.

— ಸಂಪಾದಕ