ಬಾನೆಟ್ ತೆರೆದು ನೋಡಿ: ಹಳೇ ಸ್ಪೋರ್ಟ್ಸ್ ಕಾರುಗಳ ಪ್ರಶ್ನೋತ್ತರ

ಈ ಸಲ ಕರ್ನಾಟಕದ ಗಡಿಯಾಚೆಯ ಓದುಗರ ಪತ್ರಗಳನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಹೆಚ್ಚಿನವರು ಸ್ಪೇರ್ ಪಾರ್ಟ್ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಾರೆ. ಪತ್ರ ಓದಿ ನೋಡಿದರೆ ಅರ್ಧಕ್ಕರ್ಧ ಗಾಡಿಗಳಿಗೆ ಬೇಕಾಗಿರುವುದು ಪಾರ್ಟ್ ಅಲ್ಲ.

ಪ್ರ: ನಮ್ಮದು 1968ರ ಸ್ಟ್ಯಾಂಡರ್ಡ್ ಹೆರಾಲ್ಡ್. ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿಗೂ ಇದಕ್ಕೂ ಮುಂದಿನ ಸಸ್ಪೆನ್ಷನ್ ಒಂದೇ ಎನ್ನುತ್ತಾರೆ. ಸ್ಟೀರಿಂಗ್ ಬಹಳ ಗಟ್ಟಿ, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುವುದಿಲ್ಲ. ಗ್ಯಾರೇಜಿನವರು ತಿಂಗಳಿಗೊಮ್ಮೆ ಗ್ರೀಸ್ ಹೊಡೆಯುತ್ತಾರೆ, ಎರಡು ದಿನ ಸರಿ ಇರುತ್ತದೆ, ಮತ್ತೆ ಅದೇ ಕಥೆ.
— ಓದುಗರು, ಕುಂಬಳೆ

ಉ: ಗ್ರೀಸ್ ಹೊಡೆಯುವುದನ್ನು ಇವತ್ತೇ ನಿಲ್ಲಿಸಿ. ನೀವು ಕೇಳಿದ್ದು ನಿಜ. ಹೆರಾಲ್ಡ್ ಚಾಸಿಸನ್ನೇ ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಬಂತು. ಎರಡರದ್ದೂ ದುರ್ಬಲ ಜಾಗ ಒಂದೇ: ಮುಂದಿನ ಚಕ್ರದ ಹಿಂದೆ, ಕೆಳಗಡೆ ಇರುವ ಟ್ರನಿಯನ್. ಇದು ಮುಷ್ಟಿಗಾತ್ರದ ಹಿತ್ತಾಳೆ ಬಣ್ಣದ ತುಂಡು. ಚಕ್ರ ಹೊರುವ ಉಕ್ಕಿನ ವರ್ಟಿಕಲ್ ಲಿಂಕ್ ಇದರೊಳಗೆ ಥ್ರೆಡ್‌ನಲ್ಲಿ ಕೂತಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಈ ಥ್ರೆಡ್ಡೇ ತಿರುಗುವುದು, ಆ ಮೂಲೆಯ ಭಾರವೂ ಅದರ ಮೇಲೆಯೇ.

ಇಲ್ಲಿಗೆ ಕಂಪನಿ ಹೇಳಿದ್ದು ಗ್ರೀಸ್ ಅಲ್ಲ, ಇಪಿ 90 ಗೇರ್ ಆಯಿಲ್. ಟ್ರ್ಯಾಕ್ಟರ್ ಸ್ಪೇರ್ ಅಂಗಡಿಯಲ್ಲಿ ಸಿಗುವುದೇ. ಗ್ರೀಸ್ ಮೇಲಿನ ಎರಡು–ಮೂರು ಸುತ್ತು ಥ್ರೆಡ್ ದಾಟಿ ಕೆಳಗಿಳಿಯುವುದಿಲ್ಲ, ಹಳತಾದ ಮೇಲೆ ಮೇಣದಂತೆ ಗಟ್ಟಿಯಾಗಿ ದಾರಿ ಮುಚ್ಚುತ್ತದೆ. ತಳದಲ್ಲಿ ಸೇರಿದ ಮಳೆನೀರು ಅಲ್ಲೇ ಉಳಿದು ಉಕ್ಕನ್ನು ತಿನ್ನುತ್ತದೆ. ಕುಂಬಳೆಯಂಥ ಕಡಲ ಬದಿಯ ಊರಿನಲ್ಲಿ ಇದು ಇನ್ನೂ ಬೇಗ. ಕೊನೆಗೆ ಲಿಂಕ್ ಥ್ರೆಡ್ ಶುರುವಾಗುವ ಕಡೆಯೇ ತುಂಡಾಗಿ ಚಕ್ರ ಮಡ್‌ಗಾರ್ಡಿನ ಕೆಳಗೆ ಮಡಚಿಕೊಳ್ಳುತ್ತದೆ. ಸಾಮಾನ್ಯವಾಗಿ ಹೀಗಾಗುವುದು ನಿಧಾನಕ್ಕೆ ತಿರುಗಿಸುವಾಗ, ಅಷ್ಟೇ ಸಮಾಧಾನ.

ಮೊದಲು ಸವಕಳಿ ನೋಡಿ. ಜಾಕ್ ಕೊಟ್ಟು ಚಾಸಿಸ್ ಕೆಳಗೆ ಸ್ಟ್ಯಾಂಡ್ ಇಡಿ. (ಅಂಗಳದಲ್ಲಿದೆ ಎಂದು ಕೆಂಪುಕಲ್ಲು ಇಡಬೇಡಿ. ಗೋಡೆಗೆ ಸೈ, ಜಾಕ್ ಸ್ಟ್ಯಾಂಡ್ ಕೆಲಸಕ್ಕೆ ಆಗದು. ಒಂದೇ ಕಡೆ ಭಾರ ಬಿದ್ದರೆ ಬಿರಿಯುತ್ತದೆ.) ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಆಟ ಕಂಡರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಟ್ರನಿಯನ್ ಅಥವಾ ಮೇಲಿನ ಬಾಲ್ ಜಾಯಿಂಟ್. ಯಾವುದು ಎಂದು ಕಣ್ಣಿಗೇ ಕಾಣುತ್ತದೆ.

ವರ್ಷಗಟ್ಟಲೆ ಗ್ರೀಸ್ ಕುಡಿದ ಟ್ರನಿಯನ್ನಿಗೆ ಮೇಲಿಂದ ಎಣ್ಣೆ ಹಾಕಿ ಪ್ರಯೋಜನವಿಲ್ಲ, ಬಿಚ್ಚಲೇಬೇಕು. ಲಿಂಕನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಥ್ರೆಡ್ ಉಜ್ಜಿ, ಬಿಸಿಲಲ್ಲಿ ಹಿಡಿದು ನೋಡಿ. ಕಪ್ಪು ಬಣ್ಣವಿದ್ದರೆ ಚಿಂತೆಯಿಲ್ಲ. ಉಗುರಿಗೆ ತಗಲುವ ಗುಳಿ ಇದ್ದರೆ ಲಿಂಕನ್ನು ಗುಜರಿಗೆ ಹಾಕಿ. ವೆಲ್ಡಿಂಗ್ ಮಾಡಿಸುವ ಯೋಚನೆಯೂ ಬೇಡ. ಎಡ ಬಲ ಅದಲುಬದಲು ಮಾಡುವಂತಿಲ್ಲ, ಒಂದರ ಥ್ರೆಡ್ ಬಲಸುತ್ತು, ಇನ್ನೊಂದರದ್ದು ಎಡಸುತ್ತು. ಮತ್ತೆ ಜೋಡಿಸುವಾಗ ಪೂರ್ತಿ ತಿರುಗಿಸಿ ತಳಕ್ಕೆ ತಾಗಿಸಿ, ಆಮೇಲೆ ಸುಮಾರು ಒಂದು ಸುತ್ತು ಹಿಂದೆ ಬಿಡಿ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿದಾಗ ತಳಕ್ಕೆ ಬಡಿಯಬಾರದು.

ಟ್ರನಿಯನ್ನಿನಲ್ಲಿ ಮುಚ್ಚಳದ ಪ್ಲಗ್ ಇದ್ದರೆ ಅದನ್ನು ತೆಗೆದು ಎಣ್ಣೆ ತೂರಿಸುವ ನಿಪ್ಪಲ್ ಹಾಕಿ, ಕೈ ಗನ್ನಿನಲ್ಲಿ ಮೇಲಿನ ಸೀಲ್ ಪಕ್ಕ ಹೊಸ ಎಣ್ಣೆ ಒಸರುವವರೆಗೆ ಒತ್ತಿ. ಪುಸ್ತಕದ ಲೆಕ್ಕ 6,000 ಮೈಲಿ, ಎಂದರೆ ಸುಮಾರು 10,000 ಕಿ.ಮೀ. ನಿಮ್ಮ ಊರಿಗೆ ನಮ್ಮ ಲೆಕ್ಕ ಮಳೆಗೆ ಮೊದಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ, ಮಧ್ಯೆ ಮೂರು ತಿಂಗಳಿಗೊಮ್ಮೆ. ಹೆರಾಲ್ಡ್‌ನ ಇಡೀ ಮೂತಿಯೇ ಮುಂದಕ್ಕೆ ಮಗುಚುತ್ತದೆ, ಟೈರಿನ ಮೇಲೆ ಕೂತು ಹತ್ತು ನಿಮಿಷದಲ್ಲಿ ಮುಗಿಸಬಹುದಾದ ಕೆಲಸ.

ಪ್ರ: ನಮ್ಮದು ಎಂಜಿಬಿ (ಎಂಜಿ ಕಂಪನಿಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು), ಎರಡು ಎಸ್‌ಯು ಕಂಪನಿಯ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ). ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಅತ್ತಿಬೆಲೆ ಜಾಮ್‌ನಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡರೆ ಆಫ್ ಆಗುತ್ತೆ, ಇಪ್ಪತ್ತು ನಿಮಿಷ ಆರಿದ ಮೇಲೆ ಏನೂ ಆಗದ ಹಾಗೆ ಹೊರಡುತ್ತೆ. ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿ ತೊಳೆಸಿದೆ.
— ಓದುಗರು, ಹೊಸೂರು

ಉ: ಮೂರನೇ ಸಲ ಬಿಚ್ಚಿಸಬೇಡಿ. ಸ್ಪಾರ್ಕ್ ನೋಡದೆ ಕಾರ್ಬ್ಯುರೇಟರ್ ಬಿಚ್ಚುವುದು ನಮ್ಮ ಗ್ಯಾರೇಜುಗಳ ಹಳೇ ಚಾಳಿ. ಡಿಕ್ಕಿಯಲ್ಲಿ ಒಂದು ಸ್ಪೇರ್ ಪ್ಲಗ್ ಇಟ್ಟುಕೊಳ್ಳಿ. ಆಫ್ ಆದ ಆ ಗಳಿಗೆಯಲ್ಲೇ, ಆರಲು ಬಿಡದೆ, ಒಂದು ಪ್ಲಗ್ ವೈರ್ ಕಿತ್ತು ಅದಕ್ಕೆ ಸಿಕ್ಕಿಸಿ, ಕಾರ್ಬ್ಯುರೇಟರ್‌ನಿಂದ ದೂರ ಎಂಜಿನ್ ಮೈಗೆ ತಾಗಿಸಿಟ್ಟು ಸೆಲ್ಫ್ ಹೊಡೆಸಿ. ಚಟಚಟ ಎನ್ನುವ ನೀಲಿ ಕಿಡಿ ಬಂದರೆ ತೊಂದರೆ ಪೆಟ್ರೋಲಿನದ್ದು. ಮಂಕು ಕಿತ್ತಳೆ ಕಿಡಿ, ಇಲ್ಲವೇ ಕಿಡಿಯೇ ಇಲ್ಲ ಎಂದರೆ ಇಗ್ನಿಷನ್.

ನಮ್ಮ ಅನುಮಾನ ಎರಡನೆಯದರ ಮೇಲೆ. ಬ್ಯಾಲಸ್ಟ್ (ಕರೆಂಟ್ ತಗ್ಗಿಸುವ ರೆಸಿಸ್ಟರ್) ಇಲ್ಲದ ಎಂಜಿಬಿಗೆ, ಕಿಡಿಗೆ ಬೇಕಾದ ವೋಲ್ಟೇಜ್ ಏರಿಸುವ ಕಾಯಿಲ್‌ನ ಪ್ರೈಮರಿ ಸುತ್ತು ಸುಮಾರು 3 ಓಮ್ ಇರಬೇಕು. ಅಂಗಡಿಯಲ್ಲಿ 12 ವೋಲ್ಟ್ ಕಾಯಿಲ್ ಎಂದು ಕೇಳಿದರೆ 1.5 ಓಮ್‌ನದ್ದನ್ನೂ ಕೊಡುತ್ತಾರೆ. ಅದರಲ್ಲಿ 4 ಆಂಪಿಯರ್ ಬದಲು 8 ಹರಿಯುತ್ತದೆ, ಕಾಯಿಲ್ ಮುಟ್ಟಲಾಗದಷ್ಟು ಸುಡುತ್ತದೆ, ಆ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್ ಕರಗುತ್ತದೆ. ವೈರ್ ಬಿಡಿಸಿ ಎರಡು ಸಣ್ಣ ಟರ್ಮಿನಲ್‌ಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ, ತಣ್ಣಗಿದ್ದಾಗಲೂ ಬಿಸಿಯಾದಾಗಲೂ. ಬಿಸಿಯಲ್ಲಿ ಓಮ್ ಸ್ವಲ್ಪ ಏರುವುದು ಸಹಜ, ಓಪನ್ (ಸಂಪರ್ಕವೇ ಇಲ್ಲ) ಎಂದು ತೋರಿಸಿದರೆ ಕಾಯಿಲ್ ಸತ್ತಿದೆ. ಸರಿ ಇದ್ದರೆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಬದಲಿಸಿ ನೋಡಿ. ಬಿಸಿಗೆ ಕೈಕೊಡುವುದು ಇದರ ಗುಣ. ಪಾಯಿಂಟ್ ಗ್ಯಾಪ್ 0.35–0.40 ಮಿ.ಮೀ. ಹೊಸ ರೋಟರ್ (ಕಿಡಿಯನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವ ತುಂಡು) ಹಾಕಿದ್ದರೆ ಹಳೆಯದನ್ನು ಒಮ್ಮೆ ವಾಪಸ್ ಹಾಕಿ. ಹಿತ್ತಾಳೆ ಪಟ್ಟಿಗೆ ರಿವೆಟ್ ಹೊಡೆದ ಕಳಪೆ ರೋಟರ್‌ಗಳಲ್ಲಿ ಕಿಡಿ ರಿವೆಟ್ ದಾರಿಯಲ್ಲೇ ಒಳಗಿನ ಶಾಫ್ಟಿಗೆ ಹಾರಿಬಿಡುತ್ತದೆ.

ಕಿಡಿ ಚೆನ್ನಾಗಿದ್ದರೆ ಪೆಟ್ರೋಲ್ ಕಡೆ ಬನ್ನಿ. ಟ್ಯಾಂಕ್ ಮುಚ್ಚಳ ತೆಗೆದಾಗ ಉಸ್ ಎಂದು ಗಾಳಿ ಒಳಗೆ ಹೋದರೆ ಟ್ಯಾಂಕಿಗೆ ಗಾಳಿ ಬಿಡುವ ತೂತು (ವೆಂಟ್) ಕಟ್ಟಿದೆ. ಕೀ ಆನ್ ಮಾಡಿ ಹಿಂದೆ ಹೋಗಿ ಕಿವಿಗೊಡಿ. ಪಂಪ್ ನಿಲ್ಲದೆ ಟಿಕಟಿಕ ಎನ್ನುತ್ತಿದ್ದರೆ ಅದು ಎಳೆಯುತ್ತಿರುವುದು ಆವಿಯನ್ನೋ ಗಾಳಿಯನ್ನೋ. ಸದ್ದೇ ಇಲ್ಲ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಶುರು ಎಂದಾದರೆ ಪಂಪಿನೊಳಗಿನ ಪಾಯಿಂಟ್ ಸುಟ್ಟಿದೆ. ಅಂಬಾಸಿಡರ್, ಪದ್ಮಿನಿಗೆ ಮಾಡುವಂತೆ ಬಾನೆಟ್ ಒಳಗೆ ಪಂಪಿಗೆ ಸುತ್ತಲು ಒದ್ದೆ ಬಟ್ಟೆ ಹುಡುಕಬೇಡಿ. ಅವುಗಳ ಪಂಪ್ ಬಿಸಿ ಎಂಜಿನ್ನಿಗೇ ಅಂಟಿರುತ್ತದೆ, ನಿಮ್ಮದು ಹಿಂದಿನ ಚಕ್ರದ ಹತ್ತಿರ.

ಪ್ರ: ಎಂಜಿ ಮಿಡ್ಜೆಟ್. ಜೂನ್‌ನಲ್ಲಿ ಶೆಡ್ಡಿಗೆ ಹಾಕಿ ಟಾರ್ಪಾಲು ಹೊದಿಸಿದ್ದೆವು, ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಡುತ್ತಿದ್ದೆವು. ಈಗ ಹಿಂದಿನ ಚಕ್ರ ತಿರುಗುವುದಿಲ್ಲ, ಕ್ಲಚ್ ಒತ್ತಿದರೂ ಗೇರ್ ಬೀಳುವುದಿಲ್ಲ.
— ಓದುಗರು, ಬದಿಯಡ್ಕ

ಉ: ಹ್ಯಾಂಡ್‌ಬ್ರೇಕ್ ಎಳೆದಿಟ್ಟಿದ್ದಿರಿ, ಬ್ರೇಕ್ ಲೈನರ್ ಡ್ರಮ್ಮಿಗೆ ತುಕ್ಕಲ್ಲಿ ಅಂಟಿದೆ, ಕ್ಲಚ್ ಪ್ಲೇಟೂ ಹಾಗೇ ಅಂಟಿದೆ. ಹ್ಯಾಂಡ್‌ಬ್ರೇಕ್ ಬಿಟ್ಟು, ಬ್ಯಾಕ್ ಪ್ಲೇಟಿನ ಹಿಂದಿರುವ ಚೌಕ ತಲೆಯ ಅಡ್ಜಸ್ಟರ್ ಸಡಿಲ ಮಾಡಿ, ಡ್ರಮ್ ಅಂಚಿಗೆ ಸುತ್ತಲೂ ಮರದ ಕೊಡತಿಯಿಂದ ತಟ್ಟಿ. ಗೇರ್ ಹಾಕಿ ಎಳೆದು ಬಿಡಿಸಲು ಹೋದರೆ ಲೈನರ್ ಶೂ ಬಿಟ್ಟು ಕಿತ್ತುಬರುತ್ತದೆ. ನಾಲ್ಕು ಚಕ್ರದ ಬ್ರೇಕ್ ಕೆಲಸ ಮಾಡುವುದು ಖಚಿತವಾದ ಮೇಲೆಯೇ ಕ್ಲಚ್ಚಿಗೆ ಕೈಹಾಕಿ. ಎಂಜಿನ್ ಬಿಸಿ ಮಾಡಿ ಆಫ್ ಮಾಡಿ. ಖಾಲಿ ಬಯಲಿನಲ್ಲಿ ಮೂರನೇ ಗೇರ್ ಹಾಕಿ, ಕ್ಲಚ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಗಾಡಿ ಜಗ್ಗುತ್ತಾ ಹೊರಡುತ್ತದೆ. ಕ್ಲಚ್ ಒತ್ತಿಕೊಂಡೇ ಆಕ್ಸಿಲರೇಟರ್ ಕೊಟ್ಟು ಬಿಟ್ಟು ಮಾಡಿ. ಪ್ಲೇಟ್ ಟಕ್ ಎಂದು ಬಿಟ್ಟುಕೊಂಡರೆ ಆಯಿತು, ನಾಲ್ಕೈದು ಸಲಕ್ಕೂ ಬಿಡದಿದ್ದರೆ ಗೇರ್‌ಬಾಕ್ಸ್ ಇಳಿಸಬೇಕು.

ಆ ವಾರದ ಐದು ನಿಮಿಷ ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಮಾಡಿದೆ. ಪೆಟ್ರೋಲ್ ಉರಿದಾಗ ನೀರೂ ಹುಟ್ಟುತ್ತದೆ. ಎಂಜಿನ್ ಪೂರ್ತಿ ಕಾಯದಿದ್ದರೆ ಆ ನೀರು ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲೂ (ಸಂಪ್) ಸೈಲೆನ್ಸರಿನಲ್ಲೂ ಉಳಿಯುತ್ತದೆ. ಆಯಿಲ್ ಮುಚ್ಚಳದ ಒಳಬದಿ ನೋಡಿ, ಬೆಣ್ಣೆಯಂಥ ಬಿಳಿ ಪಸೆ ಕಂಡರೆ ಅದೇ, ಆಯಿಲ್ ಬದಲಿಸಿ. ಇಪ್ಪತ್ತು ಕಿಲೋಮೀಟರ್ ಓಡಿಸಿ, ಇಲ್ಲವೇ ಮುಟ್ಟಲೇಬೇಡಿ.

ಮುಂದಿನ ಮಳೆಗಾಲಕ್ಕೆ: ಪ್ಲಾಸ್ಟಿಕ್ ಟಾರ್ಪಾಲು ಮೇಲಲ್ಲ, ಕೆಳಗೆ ಹಾಸಿ, ಮಣ್ಣಿನ ನೆಲದ ತೇವ ಮೇಲೇರದಂತೆ. ಗಾಡಿಗೆ ಗಾಳಿಯಾಡುವ ಹತ್ತಿ ಬಟ್ಟೆ. ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರಕ್ಕೆ ಅಡ್ಡೆ ಕೊಡಿ. ಕ್ಲಚ್ ಪೆಡಲನ್ನು ಸೀಟಿನ ಬುಡಕ್ಕೆ ಊರಿದ ಕೋಲಿನಿಂದ ಒತ್ತಿಡಿ, ಪ್ಲೇಟ್ ಅಂಟುವ ಪ್ರಶ್ನೆಯೇ ಇಲ್ಲ. ಬ್ಯಾಟರಿ ಬಿಡಿಸಿ ತಿಂಗಳಿಗೊಮ್ಮೆ ಚಾರ್ಜ್ ಮಾಡಿ, 12.4 ವೋಲ್ಟಿಗಿಂತ ಕೆಳಗಿಳಿಯಬಾರದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ.

ಪ್ರ: ಸ್ಪಿಟ್‌ಫೈರ್ ಐತ್ರಿ. ಇ20 (20% ಎಥನಾಲ್ ಬೆರೆತ) ಪೆಟ್ರೋಲ್ ಬಂದಾಗಿಂದ ಕಾರ್ಬ್ಯುರೇಟರ್ ಒಳಗಿಂದ ಪಟ್ ಪಟ್ ಅಂತ ಸಿಡೀತದ. ಏನ್ ಮಾಡ್ಬೇಕ್ರಿ?
— ಓದುಗರು, ಜತ್ತ (ಸಾಂಗ್ಲಿ ಜಿಲ್ಲೆ)

ಉ: ಪೆಟ್ರೋಲ್–ಗಾಳಿ ಮಿಕ್ಸ್ಚರ್ ತೆಳುವಾಗಿದೆ, ಎಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. 1 ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಸಾಕು. ಹಾಗಾಗಿ ಹಳೇ ಸೆಟ್ಟಿಂಗ್‌ನಲ್ಲಿ ಈಗ ಗಾಳಿ ಹೆಚ್ಚು. ಆದರೆ ಜೆಟ್ (ಕಾರ್ಬ್ಯುರೇಟರಿನ ಪೆಟ್ರೋಲ್ ನಳಿಕೆ) ಮುಟ್ಟುವ ಮೊದಲು ಡಿಪ್‌ಸ್ಟಿಕ್ ಎಳೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ, ಇಲ್ಲವೇ ಆಯಿಲ್ ಮಟ್ಟ ಏರಿದ್ದರೆ, ಎಂಜಿನ್ ಪಕ್ಕದ ಪಂಪಿನ ಡಯಾಫ್ರಾಮ್ (ಒಳಗಿನ ಪೊರೆ) ಹರಿದು ಪೆಟ್ರೋಲ್ ಸಂಪಿಗೆ ಇಳಿಯುತ್ತಿದೆ. ಅಂಥ ಗಾಡಿ ಸ್ಟಾರ್ಟ್ ಮಾಡಬೇಡಿ. ಡಯಾಫ್ರಾಮ್ ಎಥನಾಲ್ ತಡೆಯುವಂಥದ್ದೇ ಹಾಕಿ, ಹಳೇ ರಬ್ಬರ್ ಪೈಪ್ ಎಲ್ಲ ತೆಗೆದು ಎಸ್‌ಎಇ ಜೆ30 ಆರ್9 ಎಂದು ಬರೆದ ಪೈಪ್ ಹಾಕಿ.

ಆಮೇಲೆ ಟ್ಯೂನಿಂಗ್. ಎಂಜಿನ್ ಬಿಸಿ ಇರಲಿ, ಏರ್ ಫಿಲ್ಟರ್ ತೆಗೆಯಿರಿ, ಎರಡು ಕಾರ್ಬ್ಯುರೇಟರ್ ನಡುವಿನ ಕ್ಲಾಂಪ್ ಸಡಿಲಿಸಿ. ಅರ್ಧ ಮೀಟರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬ್ಯುರೇಟರ್ ಬಾಯಿಗೆ. ಎರಡರ ಹಿಸ್ ಸದ್ದೂ ಒಂದೇ ಆಗುವವರೆಗೆ ಐಡ್ಲಿಂಗ್ ಸ್ಕ್ರೂ ತಿರುಗಿಸಿ. ನಂತರ ಕಾರ್ಬ್ಯುರೇಟರ್ ಒಳಗಿನ ಪಿಸ್ಟನ್ನನ್ನು 1 ಮಿ.ಮೀ.ಗಿಂತ ಕೊಂಚ ಕಡಿಮೆ ಎತ್ತಿ. ಎಂಜಿನ್ ನಿಲ್ಲುವ ಹಾಗಾದರೆ ತೆಳು. ವೇಗ ಏರಿ ಹಾಗೇ ಉಳಿದರೆ ದಪ್ಪ. ತುಸು ಏರಿ ಮೊದಲಿನಂತಾದರೆ ಸರಿ. ಜೆಟ್ ಕೆಳಗಿನ ಆರು ಮುಖದ ನಟ್ಟನ್ನು ಕೆಳಗಿಳಿಸಿದರೆ ಮಿಕ್ಸ್ಚರ್ ದಪ್ಪವಾಗುತ್ತದೆ. ಒಂದು ಸಲಕ್ಕೆ ಒಂದೇ ಮುಖ, ಎರಡಕ್ಕೂ ಸಮ. ದಾರಿ ತಪ್ಪಿದರೆ ಜೆಟ್ಟನ್ನು ಬ್ರಿಡ್ಜ್ (ಜೆಟ್ ಬಾಯಿ ತೆರೆಯುವ ಕಾರ್ಬ್ಯುರೇಟರ್ ತಳ) ಸಮಕ್ಕೆ ತಂದು ಎರಡು ಪೂರ್ತಿ ಸುತ್ತು ಇಳಿಸಿ ಮೊದಲಿಂದ ಶುರು ಮಾಡಿ. ಕಾರ್ಬ್ಯುರೇಟರ್ ತಲೆಯ ಡ್ಯಾಶ್‌ಪಾಟಿನಲ್ಲಿ (ಪಿಸ್ಟನ್ ಮೇಲಿನ ಎಣ್ಣೆ ಕೊಳವೆ) 20 ನಂಬರ್ ಎಣ್ಣೆ ಇದೆಯೇ ಎಂದೂ ನೋಡಿ. ಅದು ಒಣಗಿದ್ದರೂ ಆಕ್ಸಿಲರೇಟರ್ ತುಳಿದಾಗ ಇದೇ ಪಟ್ ಪಟ್.

ಪ್ರ: ಏಪ್ರಿಲ್ ಬಿಸಲಾಗ ಎಂಜಿಬಿ ಕುದೀತೈತ್ರಿ. ಥರ್ಮೋಸ್ಟಾಟ್ ತಗದ್ ಒಗೀರಿ ಅಂತಾರ. ಒಗೀಲೇನ್ರಿ?
— ಓದುಗರು, ಅಕ್ಕಲಕೋಟ

ಉ: ಒಗೀಬ್ಯಾಡ್ರಿ. ಥರ್ಮೋಸ್ಟಾಟ್ ಎಂದರೆ ಎಂಜಿನ್ ಕಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ಬಾಗಿಲು. ಅದನ್ನು ತೆಗೆದರೆ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತುತ್ತದೆ. 82 ಡಿಗ್ರಿಯದ್ದರ ಬದಲು ಬಿಸಿ ಸೀಮೆಗೆಂದೇ ಇರುವ 74 ಡಿಗ್ರಿಯದ್ದು ಹಾಕಿ. ಬೋರ್‌ವೆಲ್ ನೀರು ತುಂಬಿದ್ದರೆ ಒಳಗೆಲ್ಲ ಸುಣ್ಣ ಕಟ್ಟಿರುತ್ತದೆ. ರೇಡಿಯೇಟರ್ ಬಿಚ್ಚಿ ರಾಡ್ ಹೊಡೆಸಿ, ಮುಂದೆ ಡಿಸ್ಟಿಲ್ಡ್ ನೀರು ಮತ್ತು ಕೂಲಂಟ್ ಮಾತ್ರ. ಕಿಡಿ ಬೀಳುವ ಟೈಮಿಂಗ್ ಹಿಂದೆ ಬಿದ್ದರೂ ಎಂಜಿನ್ ಕಾಯುತ್ತದೆ, ಅದನ್ನೂ ನೋಡಿಸಿ.

ಪ್ರ: ವಿಂಟೇಜ್ ನಂಬರ್ ಯಾರಿಗೆ ಸಿಗುತ್ತದೆ?
— ಓದುಗರು, ಮಡಕಶಿರಾ

ಉ: 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್ ಬದಲಾಯಿಸದ ಗಾಡಿಗೆ. ಹೊಸ ನೋಂದಣಿಗೆ ₹20,000, ನವೀಕರಣಕ್ಕೆ ₹5,000, ಅವಧಿ 10 ವರ್ಷ. ಹೊಸದಾಗಿ ನೋಂದಾಯಿಸಿದರೆ ‘ವಿಎ’ ಸರಣಿಯ ನಂಬರ್. ಈಗಾಗಲೇ ನಂಬರ್ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ದಿನಬಳಕೆಗೆ, ಬಾಡಿಗೆಗೆ ಓಡಿಸುವಂತಿಲ್ಲ. ಸಂತೆಗೆ ಹೋಗಿಬರಲು ಬೇಕೆಂದಿದ್ದರೆ ಇದು ನಿಮಗಲ್ಲ.

ಪ್ರ: 1965ರ ಎಂಜಿಬಿಗೆ ಮೊಬೈಲ್ ಚಾರ್ಜರ್ ಹಾಕಿಸಿದೆ, ಹೊಗೆ ಬಂತು.
— ಓದುಗರು, ತಾಳವಾಡಿ

ಉ: 1967ರವರೆಗಿನ ಎಂಜಿಬಿಯಲ್ಲಿ ಗಾಡಿಯ ಮೈಗೆ (ಬಾಡಿ) ಅರ್ಥ್ ಆಗಿರುವುದು ಬ್ಯಾಟರಿಯ ಪ್ಲಸ್. ಎಲೆಕ್ಟ್ರಿಷಿಯನ್ ರೂಢಿಯಂತೆ ಚಾರ್ಜರಿನ ಮೈನಸ್ ವೈರನ್ನು ಗಾಡಿಯ ಮೈಗೆ ಜೋಡಿಸಿದ್ದಾರೆ. ತಿರುಗಿಸಬಹುದು: ಬ್ಯಾಟರಿ ಕನೆಕ್ಷನ್ ಅದಲುಬದಲು, ಕಾಯಿಲ್‌ನ ಎರಡು ಸಣ್ಣ ವೈರ್ ಅದಲುಬದಲು, ಆಮೇಲೆ ಡೈನಮೋದ ಎಫ್ ವೈರ್ ಬಿಡಿಸಿ ಆ ಟರ್ಮಿನಲ್ಲಿಗೆ ಬ್ಯಾಟರಿ ಪ್ಲಸ್‌ನಿಂದ ಒಂದು ತಂತಿ ಎರಡು–ಮೂರು ಸಲ ತಾಗಿಸಿ ತೆಗೆಯಿರಿ. ಈ ಕೊನೆಯದನ್ನು ಮರೆತರೆ ಡೈನಮೋ ಉಲ್ಟಾ ಚಾರ್ಜ್ ಮಾಡಿ ಕಟ್‌ಔಟ್ (ಡೈನಮೋವನ್ನು ಬ್ಯಾಟರಿಗೆ ಜೋಡಿಸಿ ಬಿಡಿಸುವ ಸ್ವಿಚ್) ಸುಡುತ್ತದೆ. ಮುಗಿದ ಮೇಲೆ ಬ್ಯಾಟರಿ ಪಕ್ಕ ‘ಬಾಡಿ ಮೈನಸ್’ ಎಂದು ಪೇಂಟಿನಲ್ಲಿ ಬರೆದಿಡಿ, ಮುಂದೆ ಕೈಹಾಕುವವನಿಗೆ ಗೊತ್ತಾಗಲಿ.