ಮಗಳ ಹಿತ್ತಲಿನ ಕರಿ ಹಾವು

ಪ್ರಶ್ನೆ: ಮಗಳು ಅಮೆರಿಕದ ವರ್ಜೀನಿಯಾದಲ್ಲಿದ್ದಾಳೆ. ಹಿತ್ತಲ ಮರ ಹತ್ತಿ ಹಕ್ಕಿ ಗೂಡಿಗೆ ತಲೆ ಹಾಕಿದ್ದ ಉದ್ದನೆಯ ಕರಿ ಹಾವಿನ ಫೋಟೊ ಕಳಿಸಿದ್ದಾಳೆ. ಅಲ್ಲಿ ಅದಕ್ಕೆ ರ‍್ಯಾಟ್ ಸ್ನೇಕ್ ಅಂತಾರಂತೆ. ನಮ್ಮ ಕೇರೆ ಹಾವೇ ತಾನೆ? ಇಲಿ ತಿನ್ನೋದಕ್ಕೆ ಮರದ ಮೇಲೇನು ಕೆಲಸ?
– ಒಬ್ಬ ತಾಯಿ, ಹರಿಹರ

ಉತ್ತರ: ಅಮ್ಮಾ, ಮೊದಲು ಭಯ ಬಿಡಿ. ಆ ಹಾವಿಗೆ ವಿಷವಿಲ್ಲ. ನಮ್ಮ ಕೇರೆಗೂ ಇಲ್ಲ. ಆದರೆ ಎರಡೂ ಬೇರೆ ಜಾತಿ, ಬೇಟೆಯ ರೀತಿಯೂ ಬೇರೆ.

ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳ ಮನೆಗೆ ಬಂದರೆ ಇಲಿ ಬರುತ್ತದೆ, ಇಲಿಯ ಹಿಂದೆ ಕೇರೆ ಬರುತ್ತದೆ. ನಮ್ಮ ಮನೆಯ ಜೋಳದ ಚೀಲಗಳ ಸಂದಿಯಲ್ಲಿ ಕೇರೆ ಇಲಿ ಹಿಡಿದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಅದು ಇಲಿಯನ್ನು ಸುತ್ತಿಕೊಳ್ಳಲಿಲ್ಲ. ಬಾಯಲ್ಲಿ ಕಚ್ಚಿ, ಮೈಭಾರ ಹಾಕಿ ಚೀಲಕ್ಕೆ ಒತ್ತಿ ಹಿಡಿಯಿತು. ಇಲಿ ಇನ್ನೂ ಕಾಲು ಝಾಡಿಸುತ್ತಿರುವಾಗಲೇ ನುಂಗತೊಡಗಿತು.

ವರ್ಜೀನಿಯಾದ ಹಾವು ಕಚ್ಚಿದ ಕೂಡಲೇ ಮೈ ಸುತ್ತಿ ಬಿಗಿಯುತ್ತದೆ. ಬಿಗಿತಕ್ಕೆ ರಕ್ತದ ಓಟ ನಿಂತು ಪ್ರಾಣಿ ಬೇಗ ಸಾಯುತ್ತದೆ. ಆಮೇಲೆ ನಿಧಾನವಾಗಿ ನುಂಗುತ್ತದೆ. ಮರಿಯಾಗಿದ್ದಾಗ ಹಲ್ಲಿ, ಸಣ್ಣ ಕಪ್ಪೆ, ಇಲಿಮರಿ ಸಾಕು. ಬೆಳೆದ ಮೇಲೆ ಇಲಿ, ಅಳಿಲು, ಹಕ್ಕಿ, ಹಕ್ಕಿಮರಿ, ಮೊಟ್ಟೆ ಎಲ್ಲಾ ಬೇಕು. ಮೊಟ್ಟೆಯನ್ನು ಇಡಿಯಾಗಿ ನುಂಗಿ ಹೊಟ್ಟೆಯೊಳಗೇ ಒಡೆಯುತ್ತದೆ. ಮರದ ಮೇಲಿನ ಕೆಲಸ ಅದೇ! ಹೊಟ್ಟೆಯ ಅಗಲ ಹುರುಪೆಗಳ ಅಂಚನ್ನು ತೊಗಟೆಯ ಬಿರುಕಿಗೆ ಸಿಕ್ಕಿಸಿಕೊಂಡು, ನೆಟ್ಟಗಿರುವ ಕಾಂಡವನ್ನೂ ಏರಿಬಿಡುತ್ತದೆ. ಕೈಕಾಲಿಲ್ಲದ ಜೀವಕ್ಕೆ ಎಂಥ ಚಳಕ, ಅಲ್ವಾ?

ಸಾಮಾನ್ಯವಾಗಿ 4ರಿಂದ 6 ಅಡಿ ಬೆಳೆಯುತ್ತದೆ. ಚಳಿಗಾಲದಲ್ಲಿ ಬಂಡೆಯ ಬಿರುಕಿಗೆ ಇಳಿದು ಮಲಗುತ್ತದೆ. ಬೇಸಿಗೆಯಲ್ಲಿ ಕೊಳೆತ ಮರದ ದಿಮ್ಮಿ, ಗೊಬ್ಬರದ ಗುಡ್ಡೆಯಂಥ ಬೆಚ್ಚಗಿನ ಜಾಗದಲ್ಲಿ ಮೊಟ್ಟೆಯಿಡುತ್ತದೆ.

ನನಗೆ ಸಂಕಟವಾಗೋದು ಅದರ ಮರಿಗಳ ಬಗ್ಗೆ. ಮರಿ ಕಪ್ಪಗಿರುವುದಿಲ್ಲ. ಬೂದು ಮೈಮೇಲೆ ಕಡು ಮಚ್ಚೆ. ಅದನ್ನು ವಿಷದ ಕಾಪರ್‌ಹೆಡ್ ಅಂದುಕೊಂಡು ಜನ ಹೊಡೆದು ಹಾಕುತ್ತಾರೆ. ಹೆದರಿದಾಗ ಒಣ ಎಲೆಯ ಮೇಲೆ ಬಾಲ ಅದುರಿಸುವುದರಿಂದ ಬಾಲದಿಂದ ಸದ್ದು ಮಾಡುವ ಬುಡುಬುಡಿಕೆ ಹಾವು (ರ‍್ಯಾಟಲ್ ಸ್ನೇಕ್) ಅಂತ ತಿಳಿದು ಸುಮ್ನೆ ಕೊಲ್ಲುವವರೂ ಇದ್ದಾರೆ. ಆ ಎರಡು ವಿಷದ ಹಾವುಗಳೂ ಆ ರಾಜ್ಯದಲ್ಲಿವೆ. ಹಾಗಾಗಿ ಯಾವ ಹಾವು ಕಂಡರೂ ದೂರ ನಿಂತೇ ನೋಡಲಿ, ಕೈ ಹಾಕೋದು ಬೇಡ, ಕೋಲೂ ಬೇಡ.

ಮಗಳು ಕಂಬದ ಮೇಲೆ ಹಕ್ಕಿಪೆಟ್ಟಿಗೆ ಇಟ್ಟಿದ್ದರೆ, ಕೆಳಗೆ ಕಂಬದ ಸುತ್ತ ಅಗಲವಾದ ನುಣುಪು ತಗಡಿನ ಕೊಳವೆ ಕಟ್ಟಿಸಲಿ. ಹಾವಿಗೆ ಹಿಡಿತ ಸಿಗುವುದಿಲ್ಲ. ಹಕ್ಕಿಮರಿಯೂ ಉಳಿಯುತ್ತದೆ, ಹಾವು ಇಲಿಯ ಕಡೆ ಹೋಗುತ್ತದೆ.