ಶಾಲೆಯಲ್ಲಿ ಇಟ್ಟ ಅಡ್ಡಹೆಸರು 37ನೇ ವಯಸ್ಸಿನಲ್ಲೂ ಕಾಡುತ್ತಿದೆ, ನಾನು ಅಷ್ಟೊಂದು ವೀಕಾ?

ಪ್ರಶ್ನೆ: ನಾನು ಶಿಡ್ಲಘಟ್ಟದವಳು, ವಯಸ್ಸು 37. ಅಪ್ಪ ಮನೆ ಹಿಂದೆಯೇ ರೇಷ್ಮೆ ರೀಲಿಂಗ್ ಮಾಡುತ್ತಿದ್ದರು. ಗೂಡು ಬೇಯಿಸುವ ವಾಸನೆ ನಮ್ಮ ಬಟ್ಟೆ, ಜಡೆ, ಪುಸ್ತಕ ಎಲ್ಲದಕ್ಕೂ ಹತ್ತಿಕೊಂಡಿರುತ್ತಿತ್ತು. ಐದನೇ ಕ್ಲಾಸಿನಿಂದ ಎಂಟನೇ ಕ್ಲಾಸಿನವರೆಗೆ ನನ್ನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ, ‘ಹುಳ’ ಅಂತಲೇ ಕರೆಯುತ್ತಿದ್ದರು. ನಾನು ಕೂತರೆ ಮೂಗು ಮುಚ್ಚಿಕೊಂಡು ಬೆಂಚಿನಿಂದ ಎದ್ದು ಹೋಗುತ್ತಿದ್ದರು. ಮೇಡಂಗೆ ಹೇಳಿದ್ದಕ್ಕೆ ‘ನಿನ್ನ ಪಾಡಿಗೆ ನೀನು ಓದಿಕೋ’ ಅಂದರು. ಈಗ ಚಿಕ್ಕಬಳ್ಳಾಪುರದಲ್ಲಿ ಕೆಲಸದಲ್ಲಿದ್ದೇನೆ. ಬ್ಯಾಗಿನಲ್ಲಿ ಸೆಂಟ್ ಬಾಟಲಿ ಇಲ್ಲದೆ ಮನೆಯಿಂದ ಹೊರಡುವುದಿಲ್ಲ. ಆಫೀಸಿನಲ್ಲಿ ನಾಲ್ಕು ಜನ ನಕ್ಕರೆ ನನ್ನನ್ನು ನೋಡಿಯೇ ನಕ್ಕರು ಅನ್ನಿಸುತ್ತದೆ. ಮೊನ್ನೆ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿಗೆ ನನ್ನನ್ನು ಸೇರಿಸಿದರು. ಒಬ್ಬಳು ‘ಏ ಹುಳ, ಹೇಗಿದ್ದೀಯೇ?’ ಅಂತ ಹಾಕಿದಳು. ಎದೆ ಡವಡವ ಹೊಡೆದುಕೊಂಡಿತು, ರಾತ್ರಿ ನಿದ್ದೆ ಬರಲಿಲ್ಲ. ನಮ್ಮನೆಯವರು ‘ಯಾವ ಕಾಲದ ಮಾತು, ಇನ್ನೂ ಹಿಡ್ಕೊಂಡಿದ್ದೀಯಾ’ ಅಂತಾರೆ. ನಾನು ಅಷ್ಟೊಂದು ವೀಕಾ? ಗ್ರೂಪ್ ಬಿಡಬೇಕಾ?

ಉತ್ತರ: ಖಂಡಿತ ವೀಕ್ ಅಲ್ಲಮ್ಮ. ನಾಲ್ಕು ವರ್ಷ ದಿನಾ ಬೆಳಗ್ಗೆ ಅದೇ ಬೆಂಚಿಗೆ ಹೋಗಿ ಕೂತವರು ನೀವು.

ಇಂಥ ಗೇಲಿಯ ನೋವು ಎಷ್ಟು ಕಾಲ ಉಳಿಯುತ್ತದೆ ಅನ್ನುವುದನ್ನು ನಿಜವಾಗಿಯೂ ಕೂತು ಲೆಕ್ಕ ಹಾಕಿದ್ದಾರೆ. 1958ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಮಕ್ಕಳನ್ನು ಅಲ್ಲಿನ ಸಂಶೋಧಕರು ದಶಕಗಳ ಕಾಲ ಹಿಂಬಾಲಿಸಿದರು. ಮಕ್ಕಳಿಗೆ 7 ಮತ್ತು 11 ವರ್ಷ ಆಗಿದ್ದಾಗ, ಬೇರೆ ಮಕ್ಕಳು ಕಾಡಿಸುತ್ತಾರಾ ಅಂತ ತಂದೆ ತಾಯಿಯನ್ನು ಕೇಳಿ ಬರೆದುಕೊಂಡಿದ್ದರು. ಅವರಲ್ಲಿ 7,771 ಜನರ ಮಾಹಿತಿಯನ್ನು ಲಂಡನ್ನಿನ ಕಿಂಗ್ಸ್ ಕಾಲೇಜಿನವರು 2014ರಲ್ಲಿ ಪ್ರಕಟಿಸಿದರು. ಪದೇ ಪದೇ ಕಾಡಿಸಿಕೊಂಡವರಲ್ಲಿ ಖಿನ್ನತೆ, ಆತಂಕ, ಸಾಯುವ ಯೋಚನೆ 50ನೇ ವಯಸ್ಸು ಹತ್ತಿರವಾದಾಗಲೂ ಬೇರೆಯವರಿಗಿಂತ ಜಾಸ್ತಿ ಇತ್ತು. ಮನೆಯ ಬಡತನ, ಮಗುವಿನ ಬುದ್ಧಿಮಟ್ಟ, ಮೊದಲೇ ಇದ್ದ ಮನಸ್ಸಿನ ತೊಂದರೆ ಇದೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಹೋಗಲಿಲ್ಲ. ಕಾಡಿಸಿಕೊಂಡವರೆಲ್ಲರಿಗೂ ಹೀಗೇ ಆಗುತ್ತದೆ ಅಂತ ಇದರ ಅರ್ಥ ಅಲ್ಲ. ಆದರೆ ‘ಯಾವ ಕಾಲದ ಮಾತು’ ಅಂತ ತಳ್ಳಿಹಾಕುವ ಹಾಗಿಲ್ಲ.

ಯಾಕೆ ಉಳಿಯುತ್ತದೆ? ಹತ್ತರಿಂದ ಹದಿನಾಲ್ಕರ ವಯಸ್ಸಿನಲ್ಲಿ ನಾನು ಯಾರು ಅನ್ನುವುದನ್ನು ಮಗು ಓರಗೆಯವರ ಮುಖ ನೋಡಿ ಕಲಿಯುತ್ತದೆ. ಆ ಹೊತ್ತಿನಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡರೆ, ‘ನನ್ನಲ್ಲೇ ಏನೋ ಕೆಟ್ಟದ್ದಿದೆ’ ಅನ್ನುವುದು ಪಾಠದ ಹಾಗೆ ಕೂತುಬಿಡುತ್ತದೆ. ನಗು ಕೇಳಿಸಿತು ಅಂದರೆ ಅಪಾಯ ಬಂತು ಅಂತ ಮೈ ಕಲಿಯುತ್ತದೆ. ಗ್ರೂಪಿನ ಮೆಸೇಜ್ ನೋಡಿದಾಗ ನಿಮ್ಮ ಎದೆ ಹೊಡೆದುಕೊಂಡಿದ್ದು ಅದಕ್ಕೇ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ನೋವಾಗಿದ್ದು ಆ ಹುಡುಗಿಯರ ಮಾತಿಗಿಂತ ಮೇಡಂ ಮಾತು ಓದಿದಾಗ. ಮಗು ಎಷ್ಟೋ ದಿನ ಧೈರ್ಯ ಕೂಡಿಸಿಕೊಂಡು ಬಂದು ದೊಡ್ಡವರ ಹತ್ತಿರ ಹೇಳುತ್ತದೆ. ದೊಡ್ಡವರು ‘ನಿನ್ನ ಪಾಡಿಗೆ ನೀನಿರು’ ಅಂತಾರೆ. ಅಲ್ಲಿಗೆ ಮಗುವಿಗೆ ಒಂದು ತೀರ್ಮಾನ ಸಿಕ್ಕಿಬಿಡುತ್ತದೆ: ಇದು ಸರಿಯೇ ಇರಬೇಕು, ನನಗೆ ಆಗಬೇಕಾದದ್ದೇ. ನನ್ನ ಹತ್ತಿರ ಬರುವ ದೊಡ್ಡವರಲ್ಲಿ ಎಷ್ಟೋ ಜನ ಕಾಡಿಸಿದವರ ಹೆಸರು ಮರೆತಿರುತ್ತಾರೆ. ಹೇಳಿಕೊಂಡಾಗ ಕೈಬಿಟ್ಟ ದೊಡ್ಡವರನ್ನು ಮಾತ್ರ ಮರೆತಿರುವುದಿಲ್ಲ. ನಿಮ್ಮ ಯಜಮಾನರು ಕೆಟ್ಟ ಮನಸ್ಸಿನಿಂದ ಹೇಳಿಲ್ಲ, ಆದರೆ ಅವರ ಮಾತು ನಿಮ್ಮ ಕಿವಿಗೆ ಮೇಡಂ ಮಾತಿನ ಹಾಗೇ ಕೇಳಿಸಿದೆ. ಈ ಉತ್ತರ ಅವರಿಗೂ ಓದಲು ಕೊಡಿ. ಅವರು ಸಮಾಧಾನ ಹೇಳಬೇಕಿಲ್ಲ. ‘ಆವತ್ತು ಏನಾಯ್ತು ಹೇಳು’ ಅಂತ ಒಂದು ಸಲ ಪೂರ್ತಿ ಕೇಳಿಸಿಕೊಂಡರೆ ಸಾಕು.

ಗ್ರೂಪ್ ಬಿಡುವುದೋ ಇರುವುದೋ ನಿಮ್ಮಿಷ್ಟ. ಬಿಟ್ಟರೆ ಸೋತ ಹಾಗೆ ಅಂತ ಅಂದುಕೊಳ್ಳಬೇಡಿ. ಇರುವುದಾದರೆ ಆಕೆಗೆ ನೇರವಾಗಿ ಒಂದು ಮೆಸೇಜ್ ಹಾಕಿ: ‘ಆ ಹೆಸರು ನನಗೆ ಆಗಲೂ ಇಷ್ಟ ಇರಲಿಲ್ಲ, ಈಗಲೂ ಇಲ್ಲ. ನನ್ನ ಹೆಸರು ಹಿಡಿದು ಕರಿ.’ ಅಷ್ಟೇ, ವಿವರಣೆ ಬೇಡ. ಆಕೆಯನ್ನು ಕ್ಷಮಿಸಲೇಬೇಕು ಅಂತಲೂ ಇಲ್ಲ.

ಸೆಂಟ್ ಬಾಟಲಿಯ ವಿಷಯಕ್ಕೆ ಬರೋಣ. ಹಾಕಿಕೊಂಡಾಗ ಸಮಾಧಾನ ಆಗುತ್ತದೆ, ಆದರೆ ‘ಹಾಕಿಕೊಂಡಿದ್ದಕ್ಕೇ ಯಾರೂ ಏನೂ ಅನ್ನಲಿಲ್ಲ’ ಅಂತ ಮನಸ್ಸು ನಂಬಿಬಿಡುತ್ತದೆ. ಹಾಗಾಗಿ ಭಯ ಹೋಗುವುದೇ ಇಲ್ಲ. ಮೊದಲು ಅಂಗಡಿಗೆ ಹೋಗುವಾಗ ಬಾಟಲಿ ಬಿಟ್ಟು ಹೋಗಿ. ಆಮೇಲೆ ಅಕ್ಕಪಕ್ಕದವರ ಮನೆಗೆ. ಆಮೇಲೆ ಆಫೀಸಿಗೆ ಅರ್ಧ ದಿನ. ಜನ ನಿಜವಾಗಿ ಏನು ಮಾಡಿದರು ಅಂತ ಪ್ರತಿ ಸಲ ಬರೆದಿಡಿ. ಚಿಕಿತ್ಸೆಯಲ್ಲಿ ನಾವು ಮಾಡಿಸುವುದೂ ಹೆಚ್ಚುಕಡಿಮೆ ಇದನ್ನೇ. ಒಬ್ಬರಿಗೇ ಕಷ್ಟ ಅನ್ನಿಸಿದರೆ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಮಂಗಳವಾರ ಮನೋವೈದ್ಯರನ್ನು ಕಾಣುವ ವ್ಯವಸ್ಥೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಿ ಫೋನ್ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕು. ಮಗ ಏಳನೇ ಕ್ಲಾಸು. ಇಲ್ಲಿನ ನೀರಿಗೆ ಅವನ ಹಲ್ಲು ಕಂದು ಬಣ್ಣಕ್ಕೆ ತಿರುಗಿದೆ. ಹುಡುಗರು ‘ಗುಟ್ಕಾ’ ಅಂತ ರೇಗಿಸುತ್ತಾರೆ. ಈಗ ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಾನೆ. ಪಿ.ಟಿ. ಮೇಷ್ಟ್ರೂ ಅದೇ ಹೆಸರಲ್ಲಿ ಕರೆಯುತ್ತಾರಂತೆ. ಹೆಡ್‌ಮಾಸ್ಟರನ್ನು ಕೇಳಿದರೆ ‘ಮಕ್ಕಳಾಟ ಬಿಡಿ’ ಅಂದರು. ‘ನೀನೂ ತಿರುಗಿಸಿ ಹೊಡಿ’ ಅಂತ ಹೇಳಲಾ?

ಉತ್ತರ: ಬೇಡ. ಒಬ್ಬನ ಎದುರು ಒಂದು ಗುಂಪೇ ಇದೆ. ಹೊಡೆದರೆ ಅವನಿಗೇ ಜಾಸ್ತಿ ಏಟು ಬೀಳುತ್ತದೆ, ಕೊನೆಗೆ ಶಿಕ್ಷೆಯೂ ಅವನಿಗೇ ಆಗುತ್ತದೆ.

ಮೊದಲು ಮಗನಿಗೆ ಒಂದು ವಿಷಯ ಬಿಡಿಸಿ ಹೇಳಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಿಮ್ಮ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಅದು ದಾಟುತ್ತದೆ. ಹಲ್ಲು ಒಸಡಿನ ಒಳಗೆ ತಯಾರಾಗುವ ಚಿಕ್ಕ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಆಗಲೇ ಕಲೆ ಕೂತುಬಿಡುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಕೊಳಕಿಗೂ ಗುಟ್ಕಾಕ್ಕೂ ಇದಕ್ಕೂ ಸಂಬಂಧ ಇಲ್ಲ. ಅವನ ತಪ್ಪು ಇದರಲ್ಲಿ ಏನೇನೂ ಇಲ್ಲ. ಕಲೆ ಕಾಣದ ಹಾಗೆ ಮಾಡಲು ದಂತವೈದ್ಯರ ಹತ್ತಿರ ದಾರಿ ಇದೆ, ಅವನಿಗೆ ಬೇಕು ಅನ್ನಿಸಿದರೆ ಮಾಡಿಸಿ. ಆದರೆ ರೇಗಿಸುವುದನ್ನು ನಿಲ್ಲಿಸಬೇಕಾದದ್ದು ಶಾಲೆ. ಅದಕ್ಕೆ ನಿಮ್ಮ ಹುಡುಗ ಹಲ್ಲು ಬದಲಾಯಿಸಿಕೊಳ್ಳಬೇಕಾಗಿಲ್ಲ.

ಮೇಷ್ಟ್ರೇ ಆ ಹೆಸರಲ್ಲಿ ಕರೆದರೆ ಇಡೀ ಕ್ಲಾಸಿಗೆ ಪರವಾನಗಿ ಕೊಟ್ಟ ಹಾಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬಾಯಿಮಾತು ಸಾಕು, ಈ ಸಲ ಬರೆದು ಕೊಡಿ. ಯಾವ ದಿನ, ಯಾರು, ಏನಂದರು, ಯಾರು ನೋಡಿದರು, ಇಷ್ಟನ್ನು ಬರೆದು ಹೆಡ್‌ಮಾಸ್ಟರಿಗೆ ಒಂದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೆ ಒಂದು ಕೊಟ್ಟು ಸಹಿ ಹಾಕಿಸಿಕೊಳ್ಳಿ. ಅಲ್ಲೂ ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಇದೆ, ಮಕ್ಕಳ ಸಹಾಯವಾಣಿ 1098 ಇದೆ.

ಇನ್ನೊಂದು ಮಾತು. ರೇಗಿಸುವವನು ರೇಗಿಸುವುದೇ ಸುತ್ತ ನಗುವವರಿಗೋಸ್ಕರ. ಫಿನ್‌ಲ್ಯಾಂಡಿನ ತುರ್ಕು ವಿಶ್ವವಿದ್ಯಾಲಯದವರು ಶಾಲೆಗಳಿಗೆ ಅಂತ ರೂಪಿಸಿದ ‘ಕಿವ’ ಕಾರ್ಯಕ್ರಮ ಹಿಡಿದಿರುವುದು ಈ ಎಳೆಯನ್ನೇ. ಸುಮ್ನೆ ನೋಡುತ್ತಾ ನಿಂತ ಮಕ್ಕಳನ್ನು ಕಾಡಿಸಿಕೊಂಡವನ ಪಕ್ಕಕ್ಕೆ ಬರುವ ಹಾಗೆ ಅದು ತಯಾರು ಮಾಡುತ್ತದೆ. ನಿಮ್ಮ ಮಗನ ಕ್ಲಾಸಿನಲ್ಲಿ ನಗದೇ ಇರುವ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರ ಪಕ್ಕ ಕೂರಿಸಿ, ಊಟಕ್ಕೆ ಅವರ ಜೊತೆ ಬಿಡಿ ಅಂತ ಕ್ಲಾಸ್ ಟೀಚರನ್ನು ಕೇಳಿ. ಭಾನುವಾರ ಅವರನ್ನು ಮನೆಗೆ ಕರೆಯಿರಿ.

ಪ್ರಶ್ನೆ: ಕೋಲಾರದಿಂದ ಬರೆಯುತ್ತಿದ್ದೇನೆ. ಒಂಬತ್ತನೇ ಕ್ಲಾಸಿನ ನನ್ನ ಮಗನೇ ಬೇರೆ ಹುಡುಗರನ್ನು ಹೊಡೆಯುತ್ತಾನೆ ಅಂತ ದೂರು ಬಂದಿದೆ. ಅವರಪ್ಪ ‘ಗಂಡು ಹುಡುಗ ಅಲ್ವಾ’ ಅಂತ ನಗುತ್ತಾರೆ. ನನಗೆ ಭಯ ಆಗುತ್ತಿದೆ.

ಉತ್ತರ: ನಿಮ್ಮ ಭಯ ಸರಿಯಾಗಿದೆ, ಒಳ್ಳೆಯದೂ ಹೌದು. ಮೊದಲು ಬೇರೆ ಕಡೆ ಅವನಿಗೆ ಯಾರಾದರೂ ಹೊಡೆಯುತ್ತಿದ್ದಾರಾ ನೋಡಿ: ಟ್ಯೂಷನ್, ಆಟದ ಮೈದಾನ, ಮನೆ. ಅಮೆರಿಕದಲ್ಲಿ 1,420 ಮಕ್ಕಳನ್ನು ದೊಡ್ಡವರಾಗುವವರೆಗೆ ನೋಡಿದ ಅಧ್ಯಯನವೊಂದು 2013ರಲ್ಲಿ ಬಂತು. ತಾವೂ ಏಟು ತಿಂದು ಬೇರೆಯವರಿಗೂ ಹೊಡೆಯುವ ಮಕ್ಕಳೇ ಮುಂದೆ ಎಲ್ಲರಿಗಿಂತ ಹೆಚ್ಚು ನರಳಿದ್ದು ಅದರಲ್ಲಿ ಕಂಡುಬಂತು.

ಬೆಲ್ಟ್ ತೆಗೆದು ಹೊಡೆದರೆ ಅವನು ಕಲಿಯುವುದು ಬೆಲ್ಟಿನ ಪಾಠವನ್ನೇ. ಎಲ್ಲರೆದುರು ಕ್ಷಮೆ ಕೇಳಿಸಿದರೆ ಆ ಸಿಟ್ಟು ಹೋಗಿ ಅದೇ ಹುಡುಗನ ಮೇಲೆ ತೀರುತ್ತದೆ. ಒಬ್ಬನೇ ಇದ್ದಾಗ ಕೂರಿಸಿಕೊಂಡು ಏನು ಮಾಡಿದೆ ಅಂತ ಅವನ ಬಾಯಿಂದಲೇ ಹೇಳಿಸಿ, ತಪ್ಪಿಸಿಕೊಳ್ಳಲು ಬಿಡಬೇಡಿ. ಅವನಿಂದ ಹಾಳಾದ ಪುಸ್ತಕ, ಬಾಟಲಿ, ಬ್ಯಾಗ್ ಏನಾದರೂ ಇದ್ದರೆ ಅವನ ದುಡ್ಡಿನಲ್ಲೇ ತೆಗೆಸಿಕೊಡಿ. ಅವರಪ್ಪನಿಗೆ ಶಾಲೆಯ ದೂರನ್ನು ನೀವು ಹೇಳುವ ಬದಲು ಅವರನ್ನೇ ಶಾಲೆಗೆ ಕರೆದುಕೊಂಡು ಹೋಗಿ. ಏಟು ತಿಂದ ಹುಡುಗನ ತಂದೆ ತಾಯಿ ಒಪ್ಪಿದರೆ, ಟೀಚರ್ ಜೊತೆಯಲ್ಲಿರುವಾಗ ಅವರ ಮಾತನ್ನೂ ಕೇಳಿಸಿಕೊಳ್ಳಲಿ. ಎರಡು ವಾರಕ್ಕೊಮ್ಮೆ ಕ್ಲಾಸ್ ಟೀಚರಿಗೆ ನೀವೇ ಫೋನ್ ಮಾಡಿ ವಿಚಾರಿಸುತ್ತಿರಿ, ದೂರು ಬರಲಿ ಅಂತ ಕಾಯಬೇಡಿ.